ಬೀಗ ಹಾಕಿದ ಹರಟೆ

ಹುನಗುಂದದಿಂದ ಬಾಗಲಕೋಟೆಗೆ ಹೋಗುವ ಎಂಟೂ ಹತ್ತರ ಬಸ್ಸು ಈಗ ಎಂಟೂಕಾಲಿಗೆ ಹೊರಡುತ್ತದೆಯೇ? ಐದಕ್ಕೆ ಎದ್ದು, ಆರಕ್ಕೆ ಸ್ನಾನ ಮುಗಿಸಿ, ಏಳಕ್ಕೆ ಉಪಾಹಾರಕ್ಕೆ ಕೂರುವ ನನ್ನಂಥ ನಿವೃತ್ತ ಹೆಡ್‌ಮಾಸ್ತರನಿಗೆ ಈ ಐದು ನಿಮಿಷದ ಸಂದೇಹ ಸಣ್ಣದಲ್ಲ, ಓದುಗರೇ. ನಮ್ಮ ಸುತ್ತಿನ ಊರಿನವರೆಲ್ಲ ಸೇರಿ ಮಾಡಿಕೊಂಡ ಅಂತರ್ಜಾಲದ ಹರಟೆಕಟ್ಟೆಯಲ್ಲಿ ಒಂದು ಬೆಳಿಗ್ಗೆ ಅದನ್ನೇ ಕೇಳಿದೆ. ಆ ಕಟ್ಟೆಯ ಮೇಲ್ವಿಚಾರಕನೂ ನಾನೇ. ವಿಷಯ ಬಿಟ್ಟು ಅಲೆಯುವ ಚರ್ಚೆಗೆ, ಮುಂದೆ ಯಾರೂ ಬರೆಯದಂತೆ, ಬೀಗ ಹಾಕುವ ಅಧಿಕಾರ ನನ್ನ ಬೆರಳಿಗಿದೆ, ಆ ಬೆರಳು ಹಿಂದೆ ಬೆತ್ತ ಹಿಡಿದದ್ದನ್ನು ಇನ್ನೂ ಮರೆತಿಲ್ಲ.

ಬಸ್ಸು ಅಮೀನಗಡದಲ್ಲಿ ನಿಲ್ಲುತ್ತದೆ ಎಂದರು ಒಬ್ಬರು. ಅಲ್ಲಿ ನಿಂತ ಮೇಲೆ ಕರದಂಟಿನ ಮಾತು ಬಾರದಿದ್ದೀತೇ? ಕರದಂಟಿನಿಂದ ಬಾಣಂತಿಯರ ಅಂಟಿನುಂಡೆಗೆ, ಅಲ್ಲಿಂದ ಬಾಣಂತಿಗೆ ಬಿಸಿ ರೊಟ್ಟಿ ಕೊಡಬೇಕೋ ಬೇಡವೋ ಎಂಬ ವ್ಯಾಜ್ಯಕ್ಕೆ, ರೊಟ್ಟಿಯಿಂದ ಜೋಳಕ್ಕೆ. ಕೊಯ್ದ ಜೋಳದ ಕೂಳೆ ಮೊನ್ನೆಯ ಮಳೆಗೆ ಮತ್ತೆ ಚಿಗುರಿದ ಫೋಟೊವನ್ನು ಯಾರೋ ಹಾಕಿದರು. ಶಿರೂರಿನ ಕಡೆಯ ಲಕ್ಕವ್ವ ಎಂಬ ಕುರಿ ಸಾಕುವ ಹೆಣ್ಣುಮಗಳು ಕೂಡಲೇ ಬರೆದಳು: "ನಮ್ಮ ಹೊಲದಾಗೂ ಹಿಂಗ ಚಿಗತೈತಿ, ಕುರಿ ಬಿಡಾಕ ನಿನ್ನೇನ ನೋಡಿಟ್ಟೇನಿ. ಇವತ್ತ ಮಧ್ಯಾಹ್ನ ಅಲ್ಲೇ ಬಿಡ್ತೇನಿ, ನಲವತ್ತೂ ಕುರಿ ಹೊಟ್ಟಿ ತುಂಬ ಮೇಯಲಿ."

ಬಸ್ಸಿನ ವೇಳೆಯ ಸುದ್ದಿಯನ್ನು ಒಬ್ಬರೂ ಎತ್ತಲಿಲ್ಲ. ನಾನು ಬೀಗ ಜಡಿದು, ಹನ್ನೆರಡಕ್ಕೆ ಸರಿಯಾಗಿ ಊಟಕ್ಕೆ ಕೂತೆ.

ಮೊದಲ ತುತ್ತಿಗೇ ಫೋನು. ಇಳಕಲ್ಲಿನಲ್ಲಿ ಪಶುವೈದ್ಯನಾಗಿರುವ, ನಮ್ಮ ಕಟ್ಟೆಯ ಸದಸ್ಯನೂ ಆದ ನನ್ನ ಹಳೆಯ ಶಿಷ್ಯ ಬಸವರಾಜ.

"ಸರ್, ಮೊದಲ ಬೀಗ ತಗೀರಿ! ಆ ಎಳೀ ಚಿಗರಿನ್ಯಾಗ ವಿಷ ಇರತೈತ್ರಿ. ಮೇದ ಸ್ವಲ್ಪ ಹೊತ್ತಿಗೆ ಕುರಿ ಬೀಳ್ತಾವ."

"ಆಕಿಗೆ ಫೋನ್ ಹಚ್ಚೋ ಮತ್ತ!"

"ನಂಬರ್ ಎಲ್ಲೈತ್ರಿ? ಆಕಿ ಯಾರಂತ ಸೈತ ಗೊತ್ತಿಲ್ಲ. ಹೇಳೂಣಂದ್ರ ನೀವು ಬಾಗಲಾ ಹಾಕ್ಕೊಂಡ ಕುಂತೀರಿ. ಸಾಲಿ ಬಿಟ್ಟ ಎಷ್ಟ ವರ್ಷಾತು, ಇನ್ನೂ ಗಂಟಿ ಹೊಡ್ಯೂದು ಬಿಟ್ಟಿಲ್ಲ ನೋಡ್ರಿ ನೀವು!"

ಎಂಜಲುಗೈಯಲ್ಲೇ ಬೀಗ ತೆಗೆದೆ. ಬಸವರಾಜ ಬರೆದ, ನಾನೂ ಬರೆದೆ. ಜೀವನದಲ್ಲಿ ಎಷ್ಟೋ ಸಲ ಗಡಿಯಾರ ನೋಡಿದ್ದೇನೆ, ಅದಕ್ಕೆ ಕೈಮುಗಿದದ್ದು ಅದೇ ಮೊದಲು. ಹನ್ನೆರಡೂವರೆಗೆ ಲಕ್ಕವ್ವನ ಅಕ್ಷರ ಮೂಡಿತು: "ನಾಕ ಕುರಿ ಬದು ದಾಟಿದ್ವು ಅಜ್ಜಾರ, ಬಾಯಿ ಹಾಕಿದ್ದಿಲ್ಲ. ಹೊಡಕೊಂಡ ಹೊಳ್ಳಿ ಹೊಂಟೇನಿ."

ನನ್ನ ಪ್ರಶ್ನೆಗೆ ಯಾರಾದರೂ ನೆಟ್ಟಗೆ ಉತ್ತರಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಆ ಕುರಿಗಳೂ ಮುಗಿಯುತ್ತಿದ್ದವು. ಯಾರ ಅಪ್ಪಣೆಯೂ ಇಲ್ಲದೆ, ಹತ್ತು ಜನರ ಚಪಲದ ಬೆನ್ನೇರಿ, ಕಾಣದ ಹೊಲವೊಂದರ ಬದುವಿಗೆ ಮಾತು ಹೊತ್ತಿಗೆ ಸರಿಯಾಗಿ ಹೋಗಿ ನಿಂತಿತ್ತು. ಸೇವಾವಧಿಯುದ್ದಕ್ಕೂ ವೇಳಾಪಟ್ಟಿ ಬರೆದವನು ನಾನು. ಇಂಥದೊಂದನ್ನು ಬರೆಯುವುದು ನನ್ನಿಂದ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಕಟ್ಟೆಯ ಮಾತು ಕುರಿಯಿಂದ ಕಂಬಳಿಗೆ, ಕಂಬಳಿಯಿಂದ ಯಾರದೋ ಮಾವನ ಗೊರಕೆಗೆ ಹೊರಳಿತ್ತು. ತಣ್ಣಗಾದ ರೊಟ್ಟಿ ಮುರಿಯುತ್ತ, ಆ ಮಾವನಿಗೆ ಮುಂದೇನಾಯಿತೆಂದು ಕೇಳಿದೆ.