ಪರವಾಗಿಲ್ಲ ಅನ್ನುವ ಮನೆ

ನಮ್ಮ ಮನೆಯಲ್ಲಿ ‘ಪರವಾಗಿಲ್ಲ’ ಅನ್ನುವುದೇ ಹೊಗಳಿಕೆಯ ಕೊನೆ. ಅದರಾಚೆಗೆ ಮಾತಿಲ್ಲ. ಯಾದವಗಿರಿಯ ಮನೆಯ ಮುಂದಿನ ಕೋಣೆಯಲ್ಲಿ ಅಮ್ಮ ಪಾಠ ಹೇಳುತ್ತಿದ್ದಳು, ವೀಣೆಯೂ ಹಾಡೂ ಎರಡೂ. ಎಷ್ಟೋ ಹೆಣ್ಣುಮಕ್ಕಳು ಆ ಕೋಣೆಯಿಂದ ಮೂಗು ಒರೆಸಿಕೊಂಡು ಹೊರಗೆ ಬಂದದ್ದನ್ನು ನೋಡಿದ್ದೇನೆ. ತೊಡೆಯ ಮೇಲೆ ತಾಳ ತಪ್ಪಿದರೆ ಹೊಡೆಯುತ್ತಿರಲಿಲ್ಲ. ಸುಮ್ಮನೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇದು ಅವಳು ಕಂಡುಹಿಡಿದದ್ದಲ್ಲ. ತಾತ ಅವಳಿಗೆ ಹಾಗೇ ಕಲಿಸಿದ್ದರಂತೆ, ತಾತನಿಗೆ ಅರಮನೆಯಲ್ಲಿ ನುಡಿಸುತ್ತಿದ್ದ ಅವರಪ್ಪ ಹಾಗೇ ಕಲಿಸಿದ್ದರಂತೆ. ಹೊಗಳಿದರೆ ಕಲಿಕೆ ನಿಂತುಹೋಗುತ್ತದೆ ಅನ್ನುವುದು ಮನೆತನದ ಆಸ್ತಿ. ಬೇರೆ ಮನೆಗಳಲ್ಲಿ ಒಡವೆ ಬರುತ್ತದೆ, ನಮಗೆ ಇದು ಬಂತು.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಆ ಹುಡುಗರ ತಂಡ ನಮ್ಮ ಕ್ಲಾಸಿಗೆ ಬಂತು, ಅಂದರೆ ಎಲ್ಲರ ಮೊಬೈಲಿಗೆ ಬಂತು. ಯಾವುದೋ ದೂರದ ದೇಶದವರು. ಒಬ್ಬನ ಕೂದಲು ನೀಲಿ, ಇನ್ನೊಬ್ಬನದು ಬೂದಿ ಬಣ್ಣ. ಜಗತ್ತೆಲ್ಲ ಹುಚ್ಚೆದ್ದು ಕೇಳುತ್ತಿದ್ದ ಹಾಡುಗಳು. ನನಗೆ ಅವರನ್ನು ತೋರಿಸಿದವಳು ಕುವೆಂಪುನಗರದ ಗೆಳತಿ. ಅವಳ ಮನೆಯವರು ತಿ. ನರಸೀಪುರದ ಕಡೆಯಿಂದ ಬಂದು ಇಲ್ಲಿ ಟೈರ್ ಅಂಗಡಿ ಇಟ್ಟಿದ್ದರು. ಅವರ ಮನೆ ಟಿವಿಯಲ್ಲಿ ಜೋರಾಗಿ ಹಾಕಿಕೊಂಡು ನಾವಿಬ್ಬರೂ ನೋಡುತ್ತಿದ್ದರೆ ಅವಳ ಅಮ್ಮನೂ ಬಂದು ಕೂರುತ್ತಿದ್ದರು.

“ಈ ಐಕ್ಳು ಎಂಗ್ ಕುಣೀತವೆ ನೋಡವ್ವ! ಒಟ್ಟೆಗೇನಾರ ತಿಂತವೋ ಇಲ್ವೋ, ಸೊಂಟನೇ ಇಲ್ಲ” ಅನ್ನುತ್ತಿದ್ದರು. ಅವರ ವಿಮರ್ಶೆ ಅಷ್ಟಕ್ಕೇ ಮುಗಿಯುತ್ತಿತ್ತು.

ಗೆಳತಿಯ ಪ್ರಕಾರ ಅವರಂಥವರು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ. ಅಮ್ಮನ ಪ್ರಕಾರ ಅವರು ಹಾಡುಗಾರರೇ ಅಲ್ಲ. “ಶ್ರುತಿ ಸರಿ ಮಾಡೋದು ಯಂತ್ರ, ಮುಖ ಸರಿ ಮಾಡೋದು ಬಣ್ಣ. ಇವರು ಮಾಡೋದೇನು?” ಒಂದು ಸಲ ಊಟದ ಹೊತ್ತಿನಲ್ಲಿ ಅವಳು, ಮಾತೇ ಅರ್ಥವಾಗದ ಹಾಡಿಗೆ ಈ ಹುಡುಗಿ ತಲೆ ಆಡಿಸುತ್ತಾಳಲ್ಲ ಎಂದು ಕೊಂಕು ತೆಗೆದಳು. ವಕೀಲರಾಗಿದ್ದ ಅಪ್ಪ ಮಜ್ಜಿಗೆ ಕಲಸಿಕೊಳ್ಳುತ್ತಾ, “ನಿನ್ನ ತೆಲುಗು ಕೃತೀನೂ ನನಗೆ ಅರ್ಥ ಆಗಲ್ಲ, ಆ ಹುಡುಗರದೂ ಆಗಲ್ಲ. ಅವರದು ಬೇಗ ಮುಗಿಯುತ್ತೆ, ಅದೊಂದು ಪುಣ್ಯ” ಅಂದರು. ಅಮ್ಮ ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ.

ನಿಜ ಹೇಳಬೇಕೆಂದರೆ ಅಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ಕಿವಿ ಅವಳು ತಿದ್ದಿದ ಕಿವಿ. ಆ ಹಾಡುಗಳು ಒಂದೇ ಜಾಗದಲ್ಲಿ ಗಿರಕಿ ಹೊಡೆಯುತ್ತವೆ ಅನ್ನುವುದು ಮೊದಲ ದಿನವೇ ಗೊತ್ತಾಗಿತ್ತು. ಗೆಳತಿಯ ಹಾಗೆ ನಾನು ಅವರನ್ನು ಹಾಡಿಗಾಗಿ ನೋಡುತ್ತಲೇ ಇರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ, ಬೆವರಿಗೆ ಬಣ್ಣವೆಲ್ಲ ಇಳಿದಿರುವಾಗ, ಆ ನೀಲಿ ಕೂದಲಿನವನು ಕ್ಯಾಮೆರಾ ಹತ್ತಿರ ಬಂದು ಏನೋ ಹೇಳುತ್ತಿದ್ದ. ಕೆಳಗೆ ಅದರ ಅರ್ಥ ಮೂಡುತ್ತಿತ್ತು: ಇವತ್ತೂ ಕಷ್ಟಪಟ್ಟಿದ್ದೀರಿ, ಚೆನ್ನಾಗಿ ಮಾಡಿದಿರಿ. ಅದನ್ನು ಕೇಳುವುದಕ್ಕಾಗಿ ನಾನು ಅಷ್ಟೂ ಹಾಡುಗಳನ್ನು ಸಹಿಸಿಕೊಳ್ಳುತ್ತಿದ್ದೆ. ನನಗೆ ಬೇಕಾಗಿದ್ದದ್ದು ಆ ಒಂದು ಮಾತು. ಅದು ಅಮ್ಮನ ಬಾಯಿಂದ ಬೇಕಾಗಿತ್ತು. ಸಿಗದಿದ್ದದ್ದರಿಂದ ನೀಲಿ ಕೂದಲಿನವನ ಬಾಯಿಂದ ತೆಗೆದುಕೊಳ್ಳುತ್ತಿದ್ದೆ.

ಆ ವರ್ಷ ನವರಾತ್ರಿ ಬಂತು. ಬೊಂಬೆ ನೋಡಲು ಬಂದ ಹುಡುಗಿಯರು ಒಂದು ಹಾಡು ಹೇಳದೆ ಬೊಂಬೆ ಬಾಗಿನ ತೆಗೆದುಕೊಂಡು ಹೋಗುವಂತಿಲ್ಲ ಅನ್ನುವುದು ಎಲ್ಲರ ಮನೆಯ ಪದ್ಧತಿ. ನಮ್ಮ ಮನೆಯ ವಿಶೇಷವೆಂದರೆ, ಹಾಡಿಗೂ ಬಾಗಿನಕ್ಕೂ ನಡುವೆ ಅಮ್ಮನ ತಿದ್ದುಪಡಿ ಇರುತ್ತಿತ್ತು. ಏಳು ವರ್ಷದ ಮಗುವಿಗೂ ಬಿಡುತ್ತಿರಲಿಲ್ಲ. ಕೊಬ್ಬರಿ ಮಿಠಾಯಿಯ ಆಸೆ ತುಂಬ ಇದ್ದವರಷ್ಟೇ ನಮ್ಮ ಮನೆಗೆ ಬರುತ್ತಿದ್ದರು.

ಸರಸ್ವತಿ ಪೂಜೆಯ ಸಂಜೆ ಬೀದಿಯ ಹೆಂಗಸರೆಲ್ಲ ಕೂತಿದ್ದರು. ಗೆಳತಿಯೂ ಅವಳ ಅಮ್ಮನೂ ಅರಿಶಿನ ಕುಂಕುಮಕ್ಕೆ ಬಂದಿದ್ದರು. ಕೊನೆಗೆ ಮನೆಯ ಮಗಳು ಹಾಡಬೇಕು. ಒಂದು ಕೃತಿಯನ್ನು ನಾನು ಬೇಸಿಗೆಯಿಂದ ತಿಕ್ಕಿ ತಿಕ್ಕಿ ಇಟ್ಟಿದ್ದೆ. ಅವತ್ತು ಅದು ತಾನಾಗಿ ಬಂತು. ನನ್ನ ಗಂಟಲೇ ನನಗೆ ಹೊಸದು ಅನ್ನಿಸಿತು. ಮುಗಿದಾಗ ಪಕ್ಕದ ಮನೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅಮ್ಮನ ಮುಖ ನೋಡಿದೆ.

“ಪರವಾಗಿಲ್ಲ” ಅಂದಳು. “ಅನುಪಲ್ಲವೀನ ಓಡಿಸಿಬಿಟ್ಟೆ.”

ಅಲ್ಲಿಗೆ ಬಿಟ್ಟಿದ್ದರೆ ನಾನು ಇವತ್ತೂ ಹಾಡುತ್ತಿದ್ದೆನೋ ಏನೋ. ಆದರೆ ಹೆಂಗಸರು ನನ್ನನ್ನು ಹೊಗಳಲು ಶುರು ಮಾಡಿದ್ದರು, ಅಮ್ಮನಿಗೆ ಅದನ್ನು ತಡೆಯಬೇಕಾಗಿತ್ತು. “ಇವಳ ತಲೇಲಿರೋ ಹಾಡೇ ಬೇರೆ ಕಣ್ರೀ. ಅದನ್ನ ಹಾಡೇ, ಎಲ್ಲರೂ ಕೇಳಲಿ” ಅಂದಳು. ಬೇಡ ಅಂದೆ. ಕಿಟಕಿಯ ಕಡೆ ತಿರುಗಿದಳು. ಹಾಡಿದೆ. ಅರ್ಥ ಗೊತ್ತಿಲ್ಲದ ಮಾತುಗಳನ್ನು, ಪಟ್ಟದ ಬೊಂಬೆಗಳ ಮುಂದೆ, ರೇಷ್ಮೆ ಲಂಗ ಉಟ್ಟುಕೊಂಡು.

ಅಮ್ಮ ವೀಣೆ ಎಳೆದುಕೊಂಡು, ಒಂದೇ ಸಲ ಕೇಳಿದ ಆ ಹಾಡನ್ನು ಹಾಗ್‌ಹಾಗೇ ನುಡಿಸಿದಳು. ಆ ಹುಡುಗರಿಗಿಂತ ನೂರು ಪಾಲು ಚೆನ್ನಾಗಿ. “ನಾಲ್ಕು ಸ್ವರ. ಸರಳೆ ವರಸೆ ಕಲಿಯೋ ಮಗು ನುಡಿಸುತ್ತೆ. ಇದರಲ್ಲಿ ಏನು ಕಂಡೆ ನೀನು, ಹೇಳು” ಅಂದಳು.

ಹದಿನೇಳರ ಪೆದ್ದಿ ನಾನು, ನಿಜ ಹೇಳಿಬಿಟ್ಟೆ. “ಅವರು ಕೊನೇಲಿ, ಚೆನ್ನಾಗಿ ಮಾಡಿದ್ರಿ ಅಂತಾರೆ.”

ಅಮ್ಮ ನನ್ನನ್ನೇ ನೋಡಿದಳು. ಅರ್ಥವಾಯಿತು ಅವಳಿಗೆ. ಅದನ್ನು ನಾನು ಕಣ್ಣಾರೆ ಕಂಡೆ. ಅರ್ಥವಾದ ಮೇಲೇ ಅವಳು ನಕ್ಕದ್ದು. “ದುಡ್ಡು ಕೊಟ್ಟು ನೋಡೋರಿಗೆಲ್ಲ ಹಾಗೇ ಅಂತಾರೆ ಕಣೇ. ತರಕಾರಿಯೋನು ದಿನಾ ನನ್ನ ಅಕ್ಕ ಅಂತಾನೆ. ಹಾಗಂತ ನನ್ನ ತಮ್ಮ ಆಗಿಬಿಟ್ನಾ?”

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗಷ್ಟೇ ಕಣ್ಣೊರೆಸಿಕೊಂಡಿದ್ದ ಪಕ್ಕದ ಮನೆಯವರೂ ನಕ್ಕರು. ಗೆಳತಿಯೂ ನಕ್ಕಳು, ಅದನ್ನು ಮರೆತಿಲ್ಲ. ನಗದೆ ಇದ್ದವರು ಅವಳ ಅಮ್ಮ ಒಬ್ಬರೇ. “ಬುಡಿ ಮೇಡಂ, ಮಗೀಗೆ ಒಂದ್ ಒಳ್ಳೆ ಮಾತಂದ್ರೆ ನಿಮ್ ಗಂಟೇನ್ ಓಯ್ತದೆ?” ಅಂದರು. ಅಮ್ಮ ಅವರಿಗೆ ಬಹಳ ಮರ್ಯಾದೆಯಿಂದ, “ನಮ್ಮಪ್ಪ ನನ್ನ ಒಂದು ದಿನಾನೂ ಹೊಗಳಲಿಲ್ಲ ಕಣ್ರೀ, ಅದಕ್ಕೇ ನಾನು ಕಲಿತೆ” ಅಂದು ತಾಂಬೂಲ ಕೊಟ್ಟು ಕಳಿಸಿದಳು.

ಆಮೇಲೆ ನಾನು ಹಾಡಲಿಲ್ಲ. ಶಪಥ ಗಿಪಥ ಏನೂ ಮಾಡಲಿಲ್ಲ. ಮರುವರ್ಷ ಬೊಂಬೆಯ ಮುಂದೆ ಹಾಡೇ ಅಂದಾಗ ಗಂಟಲು ಸರಿಯಿಲ್ಲ ಅಂದೆ. ಅದರ ಮರುವರ್ಷವೂ ಅದೇ. ಅಮ್ಮ ಬಲವಂತ ಮಾಡಲಿಲ್ಲ, ಹಾಡೆಂದು ಬೇಡಿಕೊಳ್ಳುವುದೂ ಒಂದು ಬಗೆಯ ಹೊಗಳಿಕೆಯೇ ತಾನೇ. ಡೆಂಟಲ್ ಓದಿದೆ. ಈಗ ಕುವೆಂಪುನಗರದ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳುತ್ತೇನೆ. ಮಕ್ಕಳು ಬಾಯಿ ತೆಗೆದು ಕೂತರೆ, ಜಾಣಮರಿ, ಎಷ್ಟು ಚೆನ್ನಾಗಿ ಕೂತಿದ್ದೀಯ ಅನ್ನುತ್ತೇನೆ. ದುಡ್ಡು ಕೊಟ್ಟವರಿಗೆಲ್ಲ ಅನ್ನುತ್ತೇನೆ. ಮೊನ್ನೆ ಗೆಳತಿ ಮಗನನ್ನು ಕರೆದುಕೊಂಡು ಬಂದಿದ್ದಳು. ಆ ಹುಡುಗರ ಮಾತು ಬಂದಾಗ, “ಥೂ, ಅದೇನ್ ನೋಡಿ ಅಂಗೆ ಹುಚ್ಚು ಹಿಡಿಸ್ಕೊಂಡಿದ್ವೋ” ಅಂದಳು. ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ ಅಂದಿದ್ದವಳು. ನನಗೆ ಅವಳ ಹಲ್ಲನ್ನೂ ಕೀಳಬೇಕು ಅನ್ನಿಸಿತು.

ಅಪ್ಪ ಹೋದರು. ಪಾಠಕ್ಕೆ ಬರುವವರೂ ಕಮ್ಮಿಯಾದರು. ಹೋದ ವರ್ಷ ಅಮ್ಮನ ಬೆರಳು ನಡುಗಲು ಶುರುವಾಯಿತು. ಇನ್ನು ಹೆಚ್ಚು ದಿನ ನುಡಿಸಲಾಗುವುದಿಲ್ಲ ಅಂದರು ಡಾಕ್ಟರು. ಅದೇ ವರ್ಷದ ನವರಾತ್ರಿಯಲ್ಲಿ ನಜರ್‌ಬಾದಿನ ಒಂದು ಸಣ್ಣ ಹಾಲ್‌ನವರು ಅವಳನ್ನು ಕರೆದರು. ಇದೇ ಕೊನೆಯದು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ವೀಣೆ ಮಲಗಿಸಿಕೊಂಡು ಹೋದೆವು.

ಅಷ್ಟು ಚೆನ್ನಾಗಿ ಅವಳು ಯಾವತ್ತೂ ನುಡಿಸಿರಲಿಲ್ಲ. ನಡುಕ ಎಲ್ಲಿ ಹೋಯಿತೋ. ತಂತಿ ಎಳೆದು ಗಾಂಧಾರ ಸ್ವರ ಹಿಡಿದಾಗ, ಫ್ಯಾನಿನ ಸದ್ದೂ ನಿಂತಂತಾಯಿತು. ನಾನು ಕಣ್ಣೊರೆಸಿಕೊಂಡೆ.

ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಅಮ್ಮ ಮುಂದೆ ನೋಡುತ್ತಲೇ, ಜೀವಮಾನದಲ್ಲಿ ಯಾರನ್ನೂ ಕೇಳದಿದ್ದದ್ದನ್ನು ಕೇಳಿದಳು. “ಹೇಗಿತ್ತೇ?”

“ಪರವಾಗಿಲ್ಲ” ಅಂದೆ. “ಎಳೆದಾಗ ಗಾಂಧಾರ ಸ್ವಲ್ಪ ಕೆಳಗೆ ನಿಂತುಬಿಡ್ತು.”

ನಿಂತಿರಲಿಲ್ಲ. ಕೂದಲೆಳೆಯಷ್ಟೂ ಕೆಳಗಿರಲಿಲ್ಲ. ಕೋಪ ಮಾಡಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಮಡಿಲಲ್ಲಿದ್ದ ಕೈಯನ್ನು ನೋಡಿಕೊಂಡು, “ಹೌದಾ? ನನಗೆ ಗೊತ್ತೇ ಆಗಲಿಲ್ಲ” ಅಂದಳು. ಆಮೇಲೆ ಅಂದಳು: “ನಿನ್ನ ಕಿವಿ ಚೆನ್ನಾಗಿದೆ ಕಣೇ.”

ಅಮ್ಮನ ಬಾಯಿಂದ ನನಗೆ ಸಿಕ್ಕಿದ ‘ಚೆನ್ನಾಗಿದೆ’ ಅದೊಂದೇ. ನಿಜ ಹೇಳಿದ್ದರೆ ಅದೂ ಸಿಗುತ್ತಿರಲಿಲ್ಲ. ಹಿಂದಿನಿಂದ ಹಾರ್ನ್ ಹೊಡೆದರು, ಗೇರ್ ಹಾಕಿದೆ.

ಮಾರನೆಯ ಬೆಳಗ್ಗೆ ಕಾಫಿ ಸೋಸುತ್ತಿದ್ದಾಗ ಮುಂದಿನ ಕೋಣೆಯಿಂದ ವೀಣೆ ಕೇಳಿಸಿತು. ನಡುಗುವ ಬೆರಳಲ್ಲಿ ಅವಳು ಅದೇ ಗಾಂಧಾರವನ್ನು ಎಳೆಯುತ್ತಿದ್ದಳು, ಇನ್ನೂ ಸ್ವಲ್ಪ ಮೇಲಕ್ಕೆ, ಸರಿಯಾಗಿದ್ದದ್ದನ್ನು ದಾಟಿಸಿ, ಅಪಶ್ರುತಿಗೆ. ನಾನು ಲೋಟ ತೆಗೆದುಕೊಂಡು ಹೋಗಿ ಪಕ್ಕದಲ್ಲಿಟ್ಟೆ. ಹೇಗಿದೆ ಅನ್ನುವ ಹಾಗೆ ತಲೆಯೆತ್ತಿದಳು.

“ಈಗ ಪರವಾಗಿಲ್ಲ” ಅಂದೆ.