ಕಮಲಾಪುರದ ಏರಿಗೊಂದು ದೊಡ್ಡ ಎಂಜಿನ್

ಕಮಲಾಪುರ ಬಿಟ್ಟು ಕಲಬುರಗಿ ಕಡೆ ಹೊರಟರೆ ಒಂದು ಏರು ಸಿಗುತ್ತದೆ. ಲಾರಿಯವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಮನೆಯ ಹಳೆಯ ಅಂಬಾಸಿಡರ್ ಮಾತ್ರ ಅದರ ಬುಡಕ್ಕೆ ಬಂದ ಕೂಡಲೇ ಹಟಮಾರಿ ಎಮ್ಮೆಯಂತೆ ನಿಂತುಬಿಡುತ್ತಿತ್ತು. ಅಪ್ಪ ಇದ್ದಾಗ ಇದಕ್ಕೊಂದು ಪದ್ಧತಿಯೇ ಇತ್ತು. ಬುಡದಲ್ಲಿ ಎಲ್ಲರೂ ಇಳಿಯುವುದು, ಅಪ್ಪ ಖಾಲಿ ಗಾಡಿ ಏರಿಸುವುದು, ನಾವು ನಡೆದು ಹೋಗಿ ಮೇಲೆ ಮತ್ತೆ ಹತ್ತುವುದು. ಬೇರೆಯವರು ಗಾಡಿಯಲ್ಲಿ ಹೋಗುತ್ತಿದ್ದರು, ನಾವು ಗಾಡಿಯ ಜೊತೆ ಹೋಗುತ್ತಿದ್ದೆವು.

ಅಪ್ಪ ಹೋದ ಮೇಲೆ ಗಾಡಿ ನನ್ನ ಪಾಲಿಗೆ ಬಂತು. ಜೊತೆಗೆ ಅಪ್ಪನ ಒಂದು ಕೆಲಸವೂ ಬಂತು. ನಾಗರ ಪಂಚಮಿಗೆ ಕಮಲಾಪುರಕ್ಕೆ ಹೋಗಿ, ಅಲ್ಲಿಗೆ ಕೊಟ್ಟ ಅಕ್ಕನನ್ನು ತವರಿಗೆ ಕರೆತರುವುದು. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿನವರು ಹೋಗಿ ಕರೆಯದೆ ಮಗಳು ತಾನಾಗಿ ಬರುವುದಿಲ್ಲ, ಬಂದರೆ ಅತ್ತೆಮನೆಯಲ್ಲಿ ಮಾತು ಬರುತ್ತದೆ. ಅಕ್ಕನಿಗೆ ಅರವತ್ತು ದಾಟಿದೆ, ಮಾತಾಡುವ ಅತ್ತೆ ಎಂದೋ ತೀರಿಕೊಂಡರು. ಆದರೂ ಪದ್ಧತಿ ಪದ್ಧತಿಯೇ.

ಒಂದು ವರ್ಷ ಹೀಗೇ ಕರೆತರುವಾಗ ಅಕ್ಕ ಏರಿನ ಬುಡದಲ್ಲಿ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು. ಅರ್ಧ ದಾರಿಯಲ್ಲಿ ಮೊಣಕಾಲು ಹಿಡಿದುಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ನಾನು ಮೇಲೆ ಗಾಡಿ ನಿಲ್ಲಿಸಿ ಓಡಿ ಬಂದಾಗ ಅವಳ ಕಣ್ಣಲ್ಲಿ ನೀರಿತ್ತು. ಇನ್ನು ಮುಂದೆ ಅಕ್ಕ ಈ ಏರನ್ನು ಕೂತೇ ಏರಬೇಕು ಎಂದು ಅಲ್ಲೇ ಶಪಥ ಮಾಡಿದೆ.

ಶಪಥ ಮಾಡುವವನು ಮೊದಲು ತಾನು ಯಾರೆಂದು ನೋಡಿಕೊಳ್ಳಬೇಕು. ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಅಂಗಡಿ ಇಟ್ಟು ಪಾತ್ರೆ ಮಾರುವವನು. ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವುದರಲ್ಲಿ ನನ್ನ ಕೈ ಪಳಗಿದೆ. ಎಂಜಿನ್ನಿಗೂ ಗ್ಯಾಸ್ಕೆಟ್ ಇರುತ್ತದೆ ಎಂದು ಎಲ್ಲೋ ಕೇಳಿದ್ದೆ. ಅಷ್ಟೇ ಬಂಡವಾಳ. ಹೊಸ ಕಾರು ಕೊಳ್ಳುವ ಶಕ್ತಿ ಇರಲಿಲ್ಲ, ಅಪ್ಪನ ಗಾಡಿ ಬಿಡುವ ಮನಸ್ಸೂ ಇರಲಿಲ್ಲ. ಹಾಗಾಗಿ ಗುಜರಿಯಿಂದ ದೊಡ್ಡದೊಂದು ಡೀಸೆಲ್ ಎಂಜಿನ್ ತಂದು ಇದರ ಹೊಟ್ಟೆಗೆ ಹಾಕಿಸುವುದು ಎಂದು ತೀರ್ಮಾನಿಸಿದೆ. ಹೆಂಡತಿ ಎಲ್ಲ ಕೇಳಿಸಿಕೊಂಡು, ಬಸ್ಸಿನಲ್ಲಿ ಹೋಗಿ ಅಕ್ಕನನ್ನು ಕರೆದುಕೊಂಡು ಬಂದರೆ ಮುಗಿಯಿತಲ್ಲ ಎಂದಳು. ತವರಿನ ಗಾಡಿ ಇದ್ದೂ ಬಸ್ಸಿನಲ್ಲಿ ಹೋಗಿ ಕರೆಯುವುದೇ? ಅವಳಿಗೆ ಮರ್ಯಾದೆಯ ವಿಷಯ ತಿಳಿಯದು ಎಂದುಕೊಂಡೆ.

ಊರ ಹೊರಗಿನ ಕಪನೂರಿನಲ್ಲಿ ಒಬ್ಬ ಮಿಸ್ತ್ರಿ ಸಿಕ್ಕ. ಟ್ರ್ಯಾಕ್ಟರು, ಟೆಂಪೊ ರಿಪೇರಿ ಮಾಡುತ್ತಿದ್ದ. ಎಂಜಿನ್ ಬದಲಿಸಿ ಗೊತ್ತಿದೆಯೇ ಎಂದು ಕೇಳಿದೆ. ಗೊತ್ತಿಲ್ಲ ಎಂಬ ಪದ ಅವನ ಬಾಯಿಂದ ನಾನು ಈವರೆಗೂ ಕೇಳಿಲ್ಲ. "ಬೈಠ್ ಜಾತಾ, ಕೂಡ್ತದ ಸಾವ್ಕಾರ್ರ, ಫಿಕರ್ ಮಾಡಬ್ಯಾಡ್ರಿ. ಕೂಡಲಿಲ್ಲಂದ್ರ ಕೂಡಿಸೋಣು" ಎಂದ. ಹುಚ್ಚನಿಗೆ ಹುಚ್ಚ ಜೊತೆಯಾದ.

ಬಾನೆಟ್ಟಿನೊಳಗೆ ಎಷ್ಟು ಜಾಗವಿದೆ ಎಂದು ಅವನು ಗೇಣು ಹಾಕಿ ಅಳೆದ. ನಾಲ್ಕು ಗೇಣಿನ ಎಂಜಿನ್ ಆದರೆ ಸರಿ, ಅದಕ್ಕಿಂತ ಉದ್ದ ಬೇಡ ಎಂದ. ಮರುದಿನ ನಾನೊಬ್ಬನೇ ಗುಜರಿಗೆ ಹೋದೆ. ಪಾತ್ರೆಯ ಬಾಯಿಯನ್ನು ಗೇಣಿನಲ್ಲಿ ಅಳೆದು ಜನ್ಮ ಕಳೆದವನಿಗೆ ಟೇಪು ಯಾಕೆ? ಜೀಪಿನದೊಂದು ಎಂಜಿನ್ ಸರಿಯಾಗಿ ನಾಲ್ಕು ಗೇಣು ಬಂತು. ಹೆಮ್ಮೆಯಿಂದ ಟಂಟಂ ಆಟೋದಲ್ಲಿ ಹಾಕಿಸಿಕೊಂಡು ಬಂದೆ. ಇಳಿಸಿದಾಗ ನೋಡಿದರೆ ಮಿಸ್ತ್ರಿ ಗಿಡ್ಡ ಕೈಯವನು, ನಾನು ಅಪ್ಪನ ಉದ್ದ ಕೈ ಪಡೆದವನು. ನಾಲ್ಕು ಗೇಣಿಗೆ ನಾಲ್ಕು ಗೇಣು ಸರಿಯಿತ್ತು, ಎಂಜಿನ್ ಮಾತ್ರ ಒಳಗೆ ಹೋಗಲಿಲ್ಲ. ಗುಜರಿಯವನು ಮಾರಿದ್ದನ್ನು ಮರಳಿ ತೆಗೆದುಕೊಳ್ಳುವ ಪೈಕಿ ಅಲ್ಲ.

ಮಿಸ್ತ್ರಿ ಎದೆಗುಂದಲಿಲ್ಲ. ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆಯನ್ನೇ ಕತ್ತರಿಸಿ ಒಳಗೆ ಸರಿಸಿದ. ಗೋಡೆ ಸರಿದ ಮೇಲೆ ಗೇರು ಹಿಂದೆ ಬಂತು, ಗೇರು ಬಂದ ಮೇಲೆ ಮುಂದಿನ ಸೀಟು ಹಿಂದೆ ಹೋಯಿತು. ಎಂಜಿನ್ನಿನ ಭಾರಕ್ಕೆ ಗಾಡಿ ಮೂಗು ನೆಲಕ್ಕೆ ತಾಗಿಸಿತು. ಜೀಪಿನ ಸ್ಪ್ರಿಂಗ್ ಪಾಟೆ ಹಾಕಿದ್ದೇ ತಡ, ಮೂಗು ಮೇಲಕ್ಕೆದ್ದು ಆಕಾಶ ನೋಡತೊಡಗಿತು. ಕಾಗದಪತ್ರ ಬದಲಿಸಲು ನಾನು ಅಲೆದ ಪುರಾಣವನ್ನು ಹೇಳುವುದಿಲ್ಲ, ಹೇಳಿದರೆ ನನಗೇ ಅಳು ಬರುತ್ತದೆ.

ಇಷ್ಟರಲ್ಲಿ ಒಂದು ಪಂಚಮಿ ಬಂದು ಹೋಯಿತು. ಅಕ್ಕನಿಗೆ ಫೋನು ಮಾಡಿ, ಗಾಡಿ ಇನ್ನೂ ಕಪನೂರಿನಲ್ಲಿದೆ, ಬರುವ ವರ್ಷ ನಿನ್ನನ್ನು ಕೂಡಿಸಿಕೊಂಡೇ ಏರಿಸುತ್ತೇನೆ ಎಂದೆ. ಅವಳು ಆಯ್ತಪ್ಪ ಎಂದಳು. ಹಬ್ಬದ ಶೇಂಗಾ ಉಂಡಿಯ ಡಬ್ಬಿಯನ್ನು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸಿದೆವು. ಮರುವರ್ಷವೂ ಅದೇ ಫೋನು, ಅದೇ ಆಯ್ತಪ್ಪ, ಅದೇ ಡಬ್ಬಿ. ಆಗ ಹೆಂಡತಿ ಡಬ್ಬಿ ಕಟ್ಟುತ್ತ ಕೇಳಿದಳು, "ಉಂಡಿಗಿ ಸಿಗೋ ಬಸ್ಸಿನ್ಯಾಗ ನಿಮಗ ಸೀಟ್ ಸಿಗಾಂಗಿಲ್ಲೇನ್ರಿ?" ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನ ಸಂಭ್ರಮದ ಮುಖ ನನ್ನ ಕಣ್ಣಮುಂದೆ ಕಟ್ಟಿತ್ತು.

ಮೂರನೆಯ ಪಂಚಮಿಗೆ ಗಾಡಿ ತಯಾರಾಯಿತು. ಚಾಲೂ ಮಾಡಿದರೆ ಓಣಿಯ ಕಿಟಕಿಗಳು ನಡುಗುತ್ತಿದ್ದವು. ಕತ್ತರಿಸಿದ ಗೋಡೆಯಿಂದ ಕಾಲಿಗೆ ಬೆಂಕಿಯಂಥ ಕಾವು ಬರುತ್ತಿತ್ತು. ಅದಕ್ಕೆ ನಮ್ಮ ಅಂಗಡಿಯದೇ, ಹಿಟ್ಟು ನಾದುವ ಅಗಲವಾದ ಒಂದು ಸ್ಟೀಲ್ ಪರಾತ ಅಡ್ಡ ಹಾಕಿಸಿದೆ. ಮದುವೆಯ ಉಡುಗೊರೆಗೆಂದು ಕೊಂಡವರು ವರನ ಹೆಸರು ತಪ್ಪಾಗಿ ಕೆತ್ತಿದ್ದಾರೆಂದು ಮರಳಿಸಿದ್ದ ಪರಾತ ಅದು. ಯಾರೋ ಗೊತ್ತಿಲ್ಲದ ವರನಿಗೆ ಶುಭಕೋರುತ್ತ ನಾನು ಕಮಲಾಪುರಕ್ಕೆ ಹೊರಟೆ.

ಅಕ್ಕ ಗಾಡಿಯನ್ನು ಸುತ್ತು ಹಾಕಿ ನೋಡಿದಳು. ನಾನು ಸಂಭ್ರಮದಿಂದ ಹಿಂದಿನ ಬಾಗಿಲು ತೆಗೆದೆ. ಅವಳು ಒಂದು ಕಾಲಿಟ್ಟಳು, ಇನ್ನೊಂದು ಕಾಲಿಗೆ ಜಾಗವೇ ಇರಲಿಲ್ಲ. ಹಿಂದೆ ಸರಿದ ಸೀಟು ಅವಳ ಮೊಣಕಾಲಿಗೆ ಒತ್ತುತ್ತಿತ್ತು. ಮೊಣಕಾಲು ನೋಯುವ ಅಕ್ಕನಿಗಾಗಿ ಎರಡು ಪಂಚಮಿ ತಪ್ಪಿಸಿ, ಮೊಣಕಾಲಿಗೇ ಜಾಗವಿಲ್ಲದ ಗಾಡಿ ಮಾಡಿಸಿದ್ದೆ. ಕೊನೆಗೆ ಅಲ್ಲಿ ಅಕ್ಕ ತವರಿಗೆಂದು ತರಿಸಿಟ್ಟಿದ್ದ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆಯನ್ನು ಕೂಡಿಸಿದೆವು, ಅದಕ್ಕೆ ಮೊಣಕಾಲಿಲ್ಲವಲ್ಲ. ಅಕ್ಕ ಮುಂದೆ, ನನ್ನ ಪಕ್ಕಕ್ಕೆ ಬಂದು ಪರಾತದ ಮೇಲೆ ಕಾಲಿಟ್ಟು ಕೂತಳು.

ಏರು ಬಂತು. ಗಾಡಿ ಗೇರು ಕೂಡ ಕೇಳದೆ ಗುಡುಗುತ್ತ ಏರಿತು. ಅಕ್ಕ ಕೂತಿದ್ದ ಆ ಕಲ್ಲು ಹಿಂದೆ ಹೋಯಿತು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಬಾರಿಬಾರಿಗೂ ಅವಳ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕೂತಿದ್ದಳು. ಮೇಲೆ ಬಂದ ಮೇಲೂ ಏನೂ ಅನ್ನದಿದ್ದಾಗ ನಾನೇ ಬಾಯಿಬಿಟ್ಟು, ಏರು ಮುಗಿಯಿತು, ಗೊತ್ತೇ ಆಗಲಿಲ್ಲವಲ್ಲ ಎಂದೆ.

"ಹೌದೇನು" ಎಂದಳು. ಆಮೇಲೆ ಎಂಜಿನ್ನಿನ ಸದ್ದಿಗಿಂತ ಮೇಲೆ ಕೇಳುವಂತೆ ಹೇಳಿದಳು, "ತಮ್ಮಾ, ಎರಡು ಪಂಚಮಿ ಬ್ಯಾಗ್ ತುಂಬಿಟ್ಟು ಕೂತಿದ್ದೆ. ಫೋನಿನ್ಯಾಗ ಹಂಗ ಅಂದ್ರೂ, ತಮ್ಮ ಬಸ್ ಸ್ಟ್ಯಾಂಡಿನಿಂದ ನಡಕೋತ ಬಂದೇ ಬರ್ತಾನ ಅನ್ಕೊಂಡಿದ್ದೆ. ಬಸ್ ಬಂದಾಗೊಮ್ಮೆ ಬಾಗಿಲಕ್ಕ ಬರ್ತಿದ್ದೆ. ಉಂಡಿ ಡಬ್ಬಿ ಬರ್ತಿತ್ತು."

ಕಲಬುರಗಿ ಬರುವ ತನಕ ನಾನು ಮಾತಾಡಲಿಲ್ಲ. ಅಷ್ಟು ದೊಡ್ಡ ಎಂಜಿನ್ ಹಾಕಿಸಿದ್ದರ ಒಂದು ಲಾಭ, ಮಾತಾಡದಿದ್ದರೂ ಸದ್ದಿರುತ್ತದೆ.

ಮರುವರ್ಷ ಗಾಡಿ ಮನೆಯ ಮುಂದೆ ತಯಾರಾಗಿ ನಿಂತಿತ್ತು. ನಾನು ಬಸ್ಸಿನಲ್ಲಿ ಹೋದೆ. ಹೆಂಡತಿ ಉಂಡಿ ಡಬ್ಬಿಯನ್ನು ನನ್ನ ಕೈಗೇ ಕೊಟ್ಟಳು. ಕಮಲಾಪುರದಲ್ಲಿ ಇಳಿದು, ತಡವಾಗಿಯಾದರೂ ಬುದ್ಧಿ ಬಂತಲ್ಲ ಎಂದು ನನ್ನನ್ನು ನಾನೇ ಹೊಗಳಿಕೊಳ್ಳುತ್ತ ನಡೆದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ, ನನ್ನ ಹಿಂದಿನ ಖಾಲಿ ರಸ್ತೆ ನೋಡಿ ಹಣೆ ಗಂಟಿಕ್ಕಿದಳು.

"ಗಾಡಿ ಎಲ್ಲದೋ? ಹೋದ ವರ್ಷ ಆ ಪರಾತದ ಕಾವಿಗಿ ಮೊಣಕಾಲ ಎಷ್ಟು ಹಗುರ ಆಗಿದ್ವು. ಅದರಾಗ ಕೂಡಬೇಕಂತ ವರ್ಷಾ ಕಾದೀನಿ, ಹುಚ್ಚಪ್ಪ, ಬಸ್ಸಿಗಿ ಬಂದಿಯಲ್ಲ."

ಬೈಯುತ್ತಲೇ ಒಳಗೆ ಬಾ ಎಂದಳು. ಬಾಗಿಲ ಹಿಂದೆ ಅವಳ ಬ್ಯಾಗು ತುಂಬಿ ತಯಾರಿತ್ತು.