ಜಾವಳ ಆಗುವವರೆಗೆ

ಆ ವರ್ಷಗಳಲ್ಲಿ ನಾನು ಕಲಬುರಗಿಯ ಬ್ರಹ್ಮಪುರ ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಅದೇ ಊರಿನ ಒಂದು ದವಾಖಾನೆಯಲ್ಲಿ ಕ್ಯಾನ್ಸರ್ ಆದ ಮಕ್ಕಳ ಮನೆಯವರಿಗೆ ಆಸರೆಯಾಗುವ ಕೆಲಸ ಮಾಡುತ್ತಿದ್ದೆ. ಆಸರೆ ಅಂದರೆ ಹೆಚ್ಚಾಗಿ ಬೈಯುವುದು. ಚಿಕಿತ್ಸೆ ನಡುವೆ ಬಿಟ್ಟು ಊರು ಸೇರಿದವರನ್ನು ಹುಡುಕಿಕೊಂಡು ಹೋಗಿ, ಬೈದು, ಕೈಮುಗಿದು, ಮತ್ತೆ ಬೈದು ಕರೆತರುವುದು. ಬೈಯಲು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕಮಲಾಪುರದ ಆ ಹುಡುಗಿಗೆ ಐದು ವರ್ಷ, ರಕ್ತದ ಕ್ಯಾನ್ಸರ್. ಅವಳ ತಲೆಗೆ ಅಲ್ಲಿಯವರೆಗೆ ಕತ್ತರಿ ಸೋಕಿರಲಿಲ್ಲ. ಜಾವಳ, ಅಂದರೆ ಹುಟ್ಟುಗೂದಲನ್ನು ಮನೆದೇವರಿಗೆ ಕೊಡುವುದು, ಒಮ್ಮೆ ಮನೆಯಲ್ಲಿ ಸಾವಾಗಿ, ಇನ್ನೊಮ್ಮೆ ಸೋದರಮಾವ ಬಾರದೆ ನಿಂತುಹೋಗಿತ್ತು. ಅವನ ತೊಡೆಯ ಮೇಲೆ ಕೂಡಿಸದೆ ಜಾವಳ ಆಗುವಂತಿಲ್ಲ. ಮೊದಲ ಸುತ್ತಿನ ಔಷಧಿಗೇ ಕೂದಲೆಲ್ಲ ದಿಂಬಿಗೆ ಬಂತು. ತಂದೆಯ ತಾಯಿ ಅದನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡು ಅತ್ತಳು. ಹರಕೆ ಉಳಿದದ್ದಕ್ಕೇ ರೋಗ ಬಂತು, ಈಗ ತೀರಿಸೋಣವೆಂದರೆ ಕೂದಲೇ ಇಲ್ಲ ಎಂಬುದು ಅವಳ ಗೋಳು. ಉದುರಿದ್ದು ದೇವರಿಗೆ ಸಲ್ಲುವುದಿಲ್ಲವಂತೆ, ತಲೆಯ ಮೇಲಿಂದಲೇ ತೆಗೆದಿರಬೇಕಂತೆ.

ಔಷಧಿ ಕೆಲಸ ಮಾಡಿತು. ಜ್ವರ ಬಿಟ್ಟು ಹುಡುಗಿ ವಾರ್ಡಿನ ತುಂಬ ಓಡಾಡತೊಡಗಿದಳು. ಔಷಧಿ ಇನ್ನೂ ಬಹಳ ದಿನ ಬೇಕು, ಬಿಟ್ಟರೆ ರೋಗ ತಿರುಗಿ ಬರುತ್ತದೆ ಎಂದು ಡಾಕ್ಟರು ಹೇಳಿದರು, ನಾನೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಊರಿಗೆ ಹೋದವರು ಮುಂದಿನ ಸೂಜಿಗೆ ಬರಲಿಲ್ಲ.

ನಾನು ಬಸ್ಸು ಹತ್ತಿದೆ. ಮನೆಯಲ್ಲಿ ಚಹಾ ಕೊಟ್ಟರು, ಕೆಂಪು ಬಾಳೆಹಣ್ಣು ಕೊಟ್ಟರು. ಅಜ್ಜಿ ಮೊಮ್ಮಗಳನ್ನು ನನ್ನ ಮುಂದೆ ನಿಲ್ಲಿಸಿ ತಲೆ ಸವರಿದಳು. ಎಳೆ ಗರಿಕೆಯಂತೆ ಕೂದಲು ಮೂಡಿತ್ತು.

"ನೋಡ್ರಿ ಅಕ್ಕೋರ, ನಿಮ್ಮ ಸೂಜಿ ಬಿಟ್ಟ ಮ್ಯಾಲ ಹ್ಯಾಂಗ ಬರಾಕತ್ತಾವ! ಇನ್ನಾ ಜರಾ ಬೆಳೀಲಿ. ಜಾವಳ ಮುಗಿಸಿ ನಾವೇ ಕರ್ಕೊಂಡ್ ಬರ್ತೀವಿ."

"ಆಯಿ, ಕೂದ್ಲಾ ಬರಾಕತ್ತಾವಂದ್ರ ಮೈಯಾಗಿನ ಔಷಧಿ ಇಳದದ ಅಂತ ಅರ್ಥ. ಅದು ಇಳದ್ರ ಬ್ಯಾನಿ ಏರ್ತದ."

"ದೇವರ ಸಿಟ್ಟ ಇರೋತನಕ ಯಾವ ಔಷಧಿ ಹತ್ತತದ್ರೀ?"

ಹಾಗಾದರೆ ಇದ್ದಷ್ಟನ್ನೇ ನಾಳೆ ತೆಗೆಸಿಬಿಡಿ ಎಂದೆ. "ಕತ್ತರಿಗಿ ಸಿಗಬೇಕಲ್ರೀ," ಎಂದು ಮುದುಕಿ ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ಆ ನಗುವನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ. ಹುಡುಗಿಯ ತಂದೆ ಜಂತಿ ನೋಡುತ್ತ ಕುಳಿತಿದ್ದ. ಬಾಗಿಲಲ್ಲಿ ನಿಂತಿದ್ದ ತಾಯಿ ಮಾತ್ರ ಬಾಯಿ ಬಿಟ್ಟಳು.

"ಕಳಸೂಣ್ರಿ ಅತ್ತಿ."

"ನಿಮ್ಮಣ್ಣ ಹೊತ್ತಿಗಿ ಬಂದಿದ್ರ ಇದೆಲ್ಲಾ ಆಗ್ತಿತ್ತೇನ?"

ತಾಯಿ ಬಾಗಿಲಿನಿಂದ ಒಳಗೆ ಸರಿದಳು. ನಾನು ಕೂಗಾಡಿದೆ, ಪ್ರಯೋಜನವಾಗಲಿಲ್ಲ. ಮತ್ತೆ ಎರಡು ಸಲ ಹೋದೆ. ಎರಡು ಸಲವೂ ಚಹಾ ಕೊಟ್ಟು ಕಳಿಸಿದರು.

ಮಾತಿಗೆ ತಪ್ಪದೆ ಅವರು ಬಂದರು. ಜಾವಳ ಮುಗಿಸಿ, ಹುಡುಗಿಗೆ ಹೊಸ ಫ್ರಾಕು ತೊಡಿಸಿ, ಬೋಳು ತಲೆಗೆ ಗಂಧ ಹಚ್ಚಿ, ಸೋದರಮಾವನನ್ನೂ ಜೊತೆಗೆ ಕರೆದುಕೊಂಡು. ಆ ತಲೆ ನೋಡಿ ವಾರ್ಡಿನ ತಾಯಂದಿರು ನಮ್ಮ ಮಕ್ಕಳಂಥದೇ ಇನ್ನೊಂದು ಎಂದು ಜಾಗ ಬಿಟ್ಟರು. ಹುಡುಗಿಯ ವಸಡಿನಿಂದ ರಕ್ತ ಒಸರುತ್ತಿತ್ತು.

ರಕ್ತ ಪರೀಕ್ಷೆಯಾದ ಮೇಲೆ ಡಾಕ್ಟರು ಅವಳ ತಂದೆಯನ್ನೂ ನನ್ನನ್ನೂ ಒಳಗೆ ಕರೆದರು. ರೋಗ ಎಲ್ಲ ಕಡೆ ಹಬ್ಬಿದೆ, ಇನ್ನು ಈ ಔಷಧಿ ಕೊಟ್ಟು ಮಗುವನ್ನು ಹಿಂಸಿಸುವುದರಲ್ಲಿ ಅರ್ಥವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ತಂದೆ ಹೊರಬಂದು ಯಾರಿಗೂ ಏನೂ ಹೇಳದೆ ಗೋಡೆಯ ಕಡೆ ತಿರುಗಿ ನಿಂತ. ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅಜ್ಜಿ ನನ್ನ ಹತ್ತಿರ ಬಂದಳು. ಮುಖ ನಿರಾಳವಾಗಿತ್ತು.

"ದೇವರದು ಮುಗೀತ್ರಿ ಅಕ್ಕೋರ. ಇನ್ನ ನಿಮ್ಮ ಔಷಧಿ ಸುರು ಮಾಡ್ರಿ. ಕೂದ್ಲಾ ಹೋದ್ರ ಹೋಗ್ಲಿ."

"ಹೋಗಂಗಿಲ್ಲ ಆಯಿ," ಎಂದೆ. "ಇನ್ನ ಬೆಳೀತಾವ."

ಮುದುಕಿ ಹುಡುಗಿಯ ತಲೆ ಸವರಿ, ಮನೆದೇವರನ್ನು ನೆನೆದಳು. ತಾಯಿ ನನ್ನ ಮುಖ ನೋಡಿದಳು. ನೋಡಿ, ಮಗಳನ್ನು ಅತ್ತೆಯ ಸೊಂಟದಿಂದ ಕಿತ್ತುಕೊಂಡಳು.